ಮಂಜಿನ ಕಣದ ತಿರುಗಾಟಗಾರರು

ಸುಪೀರಿಯರ್ ಸರೋವರದ ದಕ್ಷಿಣ ದಂಡೆಯಿಂದ ನೀರಿನೊಳಕ್ಕೆ ಚಾಚಿಕೊಂಡಿರುವ ಕೀವಿನಾ ಪರ್ಯಾಯದ್ವೀಪದಲ್ಲಿ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ತಾಮ್ರದ ಗಣಿಗಳು ಒಂದರ ಹಿಂದೊಂದು ತೆರೆದು, ಕಾರ್ನ್‌ವಾಲು, ಫಿನ್ಲೆಂಡು, ಇಟಲಿ ಮೊದಲಾದ ಕಡೆಗಳಿಂದ ಕೂಲಿಯವರು ಬಂದು ನೆಲಸಿ, ಕಾಡಿದ್ದಲ್ಲಿ ಊರುಗಳೆದ್ದು, ಆ ಊರುಗಳಿಗೆ ಖರ್ಚುಮಾಡಿ ಮುಗಿಸಲಾಗದಷ್ಟು ಹಣವೂ ಕಳೆದು ಮುಗಿಸಲಾಗದಷ್ಟು ದೀರ್ಘವಾದ ಚಳಿಗಾಲವೂ ಒಟ್ಟಿಗೇ ಪ್ರಾಪ್ತವಾದುವು. ಹಣ ಪಡೆದು ಹಾಕಿ ಆಡುವ ವೃತ್ತಿಗೆ ಮೊದಲ ಬಹಿರಂಗ ಲೀಗು ದೊರೆತುದು ಆಟದ ತೌರುಮನೆಯಾದ ಕೆನಡದಲ್ಲಲ್ಲ, ಅಮೆರಿಕ ಸಂಯುಕ್ತ ಸಂಸ್ಥಾನದ ಮಿಷಿಗನ್ ಪ್ರಾಂತಕ್ಕೆ ಸೇರಿದ ಈ ಗಣಿಯೂರುಗಳ ಸುತ್ತಿನಲ್ಲಿ ಎಂಬುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದಾದರೂ, ಆ ವೃತ್ತಿಯ ಮುಂದಿನ ನೂರು ವರ್ಷಗಳ ಚರಿತ್ರೆಯನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ತನ್ನ ಊರಿನಲ್ಲಿ ಸಿಕ್ಕದುದನ್ನು ಮತ್ತೊಂದು ಊರಿನಲ್ಲಿ ಅರಸಿಕೊಂಡು ಹೊರಡುವುದು ಈ ಆಟಗಾರನಿಗೆ ಹುಟ್ಟಿನಿಂದಲೇ ಬಂದ ಧರ್ಮ.

ಇಲ್ಲಿ ಹೇಳುತ್ತಿರುವುದು ಕೊಡಗಿನ ಬಯಲುಗಳಲ್ಲಿ ನಾವು ಕಂಡ ಹಾಕಿಯ ಮಾತಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಯುಕ್ತ. ಇದು ಮಂಜುಗಡ್ಡೆಯ ಮೇಲಿನ ಹಾಕಿ. ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ತೊಟ್ಟು, ಚೆಂಡಿಗೆ ಬದಲಾಗಿ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆಯನ್ನು ಅಟ್ಟಿಕೊಂಡು ಹೋಗುವ ಈ ಆಟ ಛಾವಣಿಯ ಕೆಳಗೆ, ನಿಯಮಬದ್ಧವಾಗಿ, ಪ್ರೇಕ್ಷಕರ ಮುಂದೆ ಮೊದಲು ನಡೆದುದು 1875ರ ಮಾರ್ಚ್ 3ರಂದು, ಮಾಂಟ್ರಿಯಾಲಿನ ವಿಕ್ಟೋರಿಯ ರಿಂಕಿನಲ್ಲಿ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಗಳೊಳಗೆ ಅದು ಕೆನಡದ ಊರೂರಿಗೂ ಹಬ್ಬಿತು. ಆದರೆ ಹಬ್ಬಿದುದು ಆಂಗ್ಲ ಸಭ್ಯಗೃಹಸ್ಥರ ಕ್ರೀಡಾನೀತಿಯನ್ನು ಬೆನ್ನಿಗೆ ಕಟ್ಟಿಕೊಂಡು. ಆಡುವುದು ಆನಂದಕ್ಕಾಗಿ, ಹಣ ಮುಟ್ಟಿದವನು ಭ್ರಷ್ಟ ಎಂಬ ಆ ನೀತಿಯನ್ನು ಆಂಟೇರಿಯೊ ಪ್ರಾಂತದ ಹಾಕಿ ಸಂಘದವರು ಮಡಿಯುಟ್ಟವರ ಕಟ್ಟುನಿಟ್ಟಿನಿಂದ ಪಾಲಿಸಿದರು. 1898ರಲ್ಲಿ ಬರ್ಲಿನ್ ಎಂಬ ಊರಿನ ತಂಡ (ಮೊದಲ ಮಹಾಯುದ್ಧದ ಕಾಲದಲ್ಲಿ ಈ ಊರು ತನ್ನ ಜರ್ಮನ್ ಹೆಸರಿಗೆ ನಾಚಿ ಕಿಚನರ್ ಎಂದು ಮರುನಾಮಕರಣ ಮಾಡಿಕೊಂಡಿತು) ನೆರೆಯೂರಾದ ವಾಟರ್ಲೂವನ್ನು ಸೋಲಿಸಿದಾಗ, ಸಂತೋಷ ತಡೆಯಲಾರದೆ ಊರಿನ ಮೇಯರು ಆಟಗಾರರಿಗೆ ಹತ್ತು ಹತ್ತು ಡಾಲರಿನ ಚಿನ್ನದ ನಾಣ್ಯಗಳನ್ನು ಕೊಟ್ಟನು. ಸಂಘದವರು ಇಡೀ ತಂಡವನ್ನೇ ಬಹಿಷ್ಕರಿಸಿದರು. ಹಾಗೆ ಬಹಿಷ್ಕೃತರಾದವರಲ್ಲಿ ಜಾನ್ ಗಿಬ್ಸನ್ ಎಂಬವನೊಬ್ಬ. ಆತ ಡೆಟ್ರಾಯಿಟಿಗೆ ಹೋಗಿ ದಂತವೈದ್ಯವನ್ನು ಕಲಿತು, ಬಡಗಣ ಗಣಿಯೂರಾದ ಹೋಟನ್ನಿನಲ್ಲಿ ವೈದ್ಯಶಾಲೆಯನ್ನು ತೆರೆದು, ಹಲ್ಲು ಕೀಳುವ ಕೆಲಸದ ನಡುವೆ ಹಾಕಿ ತಂಡವೊಂದನ್ನು ಕಟ್ಟಿದನು. ಹಲ್ಲುಗಳು ಅಷ್ಟು ಸುಲಭವಾಗಿ ಉದುರುವ ಮತ್ತೊಂದು ಆಟ ಲೋಕದಲ್ಲಿಲ್ಲವಾದುದರಿಂದ ಆತನ ಎರಡು ವೃತ್ತಿಗಳಲ್ಲಿ ವಿರೋಧವಿತ್ತೆಂದು ಹೇಳಲಾಗುವುದಿಲ್ಲ.

1904ರಲ್ಲಿ ಹೋಟನ್, ಕ್ಯಾಲುಮೆಟ್, ಪಿಟ್ಸ್‌ಬರ್ಗ್ ಮತ್ತು ಗಡಿಯ ಎರಡು ಬದಿಗಳಲ್ಲಿ ಒಂದೇ ಹೆಸರಿನಿಂದ ಇರುವ ಎರಡು ಸೂ ಸೇಂಟ್ ಮರೀ ಪಟ್ಟಣಗಳು ಸೇರಿ ಅಂತರರಾಷ್ಟ್ರೀಯ ವೃತ್ತಿಪರ ಹಾಕಿ ಲೀಗನ್ನು ಸ್ಥಾಪಿಸಿದುವು. ಹಣ ಕೊಡುತ್ತೇವೆಂದು ಮುಚ್ಚುಮರೆಯಿಲ್ಲದೆ ಹೇಳಿದ ಮೊದಲ ಲೀಗು ಇದೇ. ಆಟಗಾರರಾದರೋ ಹೆಚ್ಚುಕಡಮೆ ಎಲ್ಲರೂ ಕೆನಡದವರು. ರೈಲು ಹತ್ತಿ ಗಡಿ ದಾಟಿ ಬಂದು, ಚಳಿಗಾಲವೆಲ್ಲ ಆಡಿ, ಮಂಜು ಕರಗುವ ಹೊತ್ತಿಗೆ ಹಿಂತಿರುಗುವರು. ಹಾಗೆ ಬಂದವರಲ್ಲಿ ಅತ್ಯಂತ ಪ್ರಖ್ಯಾತನಾದವನು ಫ್ರೆಡ್ ಟೇಲರ್. ಆತನ ವೇಗವನ್ನು ಕಂಡು ಜನ ಮುಂದೆ ಸೈಕ್ಲೋನ್ ಟೇಲರ್ ಎಂದು ಕರೆದರು. ಟೊರಾಂಟೋ ತಂಡವೊಂದು ಆಡಲು ಕರೆದಾಗ ಒಲ್ಲೆನೆಂದ ಒಂದೇ ಅಪರಾಧಕ್ಕಾಗಿ ಆಂಟೇರಿಯೊ ಸಂಘ ಈ ಯುವಕನಿಗೆ ಬೇರೆ ಯಾವ ತಂಡದಲ್ಲಿಯೂ ಆಡಲು ಅನುಮತಿಕೊಡದೆ ಒಂದು ಚಳಿಗಾಲವನ್ನೇ ವ್ಯರ್ಥಮಾಡಿಸಿತು. ಆತ ಪಶ್ಚಿಮದ ಮ್ಯಾನಿಟೋಬಕ್ಕೆ ಹೋಗಿ, ಅಲ್ಲಿಂದ 1906ರಲ್ಲಿ ಹೋಟನ್ನಿಗೆ ಬಂದನು. ಆಟಗಾರನ ಕಾಲಿನಲ್ಲಿದ್ದುದು ಉಕ್ಕಿನ ಅಲಗು. ಆ ಕಾಲು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಕೂಡದು ಎಂಬುದನ್ನು ನಿರ್ಣಯಿಸುತ್ತಿದ್ದುದು ಮಾತ್ರ ಯಾವುದೋ ಕಚೇರಿಯ ಬೀರುವಿನಲ್ಲಿದ್ದ ಒಂದು ಕಾಗದ. ಈ ವೃತ್ತಿಯ ಚರಿತ್ರೆಯನ್ನು ಗೋಲುಗಳ ಲೆಕ್ಕದಿಂದ ಬರೆಯುವವರು ಬಹು ಮಂದಿ. ಆ ಕಾಗದಗಳ ಕಥೆಯಾಗಿ ಬರೆದರೆ ಅದು ಇನ್ನೂ ಸತ್ಯಕ್ಕೆ ಹತ್ತಿರವಾಗುವುದೆಂದು ನನ್ನ ಅಭಿಪ್ರಾಯ.

ಗಣಿಯೂರಿನ ಲೀಗು ಮೂರೇ ಚಳಿಗಾಲ ಬಾಳಿ 1907ರಲ್ಲಿ ಮುಗಿಯಿತು. ಕೆನಡದ ತಂಡಗಳೂ ಬಹಿರಂಗವಾಗಿ ಸಂಬಳ ಕೊಡಲು ತೊಡಗಿದ ಮೇಲೆ ಗಡಿ ದಾಟುವ ಅಗತ್ಯವೇ ಉಳಿಯಲಿಲ್ಲ. ಟೇಲರನು ಒಟ್ಟಾವಾ ನಗರಕ್ಕೆ ಹೋದನು. ಆತನನ್ನು ಸೆಳೆಯಲು ಅಲ್ಲಿಯವರು ಆಟದ ಸಂಬಳದ ಜೊತೆಗೆ ಸರ್ಕಾರದ ವಲಸೆ ಇಲಾಖೆಯಲ್ಲಿ ಒಂದು ನೌಕರಿಯನ್ನೂ ಕೊಡಿಸಿದರು. ಅನಂತರ ರೆನ್‌ಫ್ರೂ ಎಂಬ ಸಣ್ಣ ಊರಿನಲ್ಲಿ, ಗಣಿ ಮತ್ತು ರೈಲ್ವೆ ಗುತ್ತಿಗೆಗಳಿಂದ ಕುಬೇರನಾಗಿದ್ದ ಓಬ್ರಯನ್ ಎಂಬವನ ಕುಟುಂಬ, ಹನ್ನೆರಡು ಪಂದ್ಯಗಳ ಒಂದು ಋತುವಿಗೆ 5,250 ಡಾಲರು ಕೊಟ್ಟು ಆತನನ್ನು ಕೊಂಡುಕೊಂಡಿತೆಂದು ಆ ಕಾಲದ ಪ್ರಸಿದ್ಧಿ. ಕೊನೆಗೆ 1912ರಲ್ಲಿ ಆತ ಶಾಂತಸಾಗರದ ತೀರದ ವ್ಯಾಂಕೂವರಿಗೆ ಬಂದನು. ಅಲ್ಲಿ ಪ್ಯಾಟ್ರಿಕ್ ಎಂಬ ಸಹೋದರರು, ತಮ್ಮ ತಂದೆಯ ಮರದ ವ್ಯಾಪಾರವನ್ನು ಮಾರಿದ ಹಣದಿಂದ, ಚಳಿಯೇ ಸಾಲದ ಆ ಊರಿನಲ್ಲಿ ಯಂತ್ರಗಳಿಂದ ಮಂಜುಗಡ್ಡೆ ಹೆಪ್ಪುಗಟ್ಟಿಸುವ ರಿಂಕನ್ನು ಕಟ್ಟಿಸಿ, ತಮ್ಮದೇ ಆದ ಒಂದು ಲೀಗನ್ನು 1911ರಿಂದ ನಡೆಸುತ್ತಿದ್ದರು.

ಇಲ್ಲಿ ಈ ದೂರದ ಕಥೆ ನಮ್ಮ ದೇಶದ ಚರಿತ್ರೆಯನ್ನು ಒಂದು ಕ್ಷಣ ಸ್ಪರ್ಶಿಸುತ್ತದೆ. ವ್ಯಾಂಕೂವರಿನಲ್ಲಿಯೂ ಟೇಲರನು ವಲಸೆ ಇಲಾಖೆಯ ನೌಕರಿಯಲ್ಲಿಯೇ ಇದ್ದನು. 1914ರ ಮೇ 23ರಂದು ಕೊಮಾಗಾಟ ಮಾರು ಎಂಬ ಹಡಗು 376 ಮಂದಿ ಭಾರತೀಯರನ್ನು, ಅವರಲ್ಲಿ ಅಧಿಕಾಂಶ ಪಂಜಾಬಿನ ಸಿಖ್ಖರನ್ನು, ಹೊತ್ತುಕೊಂಡು ಆ ಬಂದರಿನ ಹೊರಗೆ ಲಂಗರು ಹಾಕಿದಾಗ, ಅದನ್ನು ಮೊದಲು ಹತ್ತಿದ ಅಧಿಕಾರಿಗಳಲ್ಲಿ ಆತನೂ ಒಬ್ಬ. ಸ್ವದೇಶದಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಪಯಣಿಸಿ ಬಂದವರಿಗಲ್ಲದೆ ಪ್ರವೇಶವಿಲ್ಲವೆಂಬ ಶಾಸನವನ್ನು ಮುಂದೊಡ್ಡಿ, ಅಂಥ ನೇರ ಪಯಣದ ಹಡಗೇ ಭಾರತದಿಂದ ಹೊರಡುತ್ತಿರಲಿಲ್ಲವೆಂಬುದನ್ನು ಚೆನ್ನಾಗಿ ಬಲ್ಲ ಸರ್ಕಾರ, ಎರಡು ತಿಂಗಳು ಅವರನ್ನು ನೀರಿನ ಮೇಲೆಯೇ ಕಾಯಿಸಿ, ಕೆಲವರ ಹೊರತು ಉಳಿದವರೆಲ್ಲರನ್ನೂ ಜುಲೈ 23ರಂದು ಹಿಂದಕ್ಕೆ ಅಟ್ಟಿತು. ಮರುವರ್ಷದ ವಸಂತದಲ್ಲಿ ಟೇಲರನ ವ್ಯಾಂಕೂವರ್ ತಂಡ ಈ ಆಟದ ಪರಮೋಚ್ಚ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು. ಒಂದು ಕಾಗದವಿಲ್ಲದೆ ಒಂದು ಚಳಿಗಾಲವನ್ನು ಕಳೆದುಕೊಂಡವನಿಗೆ, ಪರರ ಕಾಗದಗಳನ್ನು ಪರೀಕ್ಷಿಸುವಾಗ ತನ್ನ ಹಳೆಯ ಕಥೆ ನೆನಪಾಗಿತ್ತೆಂದು ಊಹಿಸಲು ಆಧಾರವಿಲ್ಲ. ಆತ ಆ ಇಲಾಖೆಯಲ್ಲಿ ದೀರ್ಘಕಾಲ ಸೇವೆಸಲ್ಲಿಸಿ 1946ರಲ್ಲಿ ಬ್ರಿಟಿಷ್ ಸರ್ಕಾರದ ಬಿರುದನ್ನೂ ಪಡೆದನು.

1917ರ ನವೆಂಬರಿನಲ್ಲಿ ಮಾಂಟ್ರಿಯಾಲಿನ ವಿಂಡ್ಸರ್ ಹೋಟೆಲಿನಲ್ಲಿ ಸ್ಥಾಪನೆಯಾದ ನ್ಯಾಷನಲ್ ಹಾಕಿ ಲೀಗು ಹತ್ತು ವರ್ಷಗಳೊಳಗೆ ಪ್ರತಿಸ್ಪರ್ಧಿಗಳನ್ನು ನಿರ್ಮೂಲಮಾಡಿತು. 1926ರಲ್ಲಿ ಪಶ್ಚಿಮದ ಲೀಗಿನ ಆಟಗಾರರನ್ನು ಸಗಟಾಗಿ ಪೂರ್ವದ ಧಣಿಗಳಿಗೆ ಮಾರಿದುದರೊಡನೆ, ಆಟಗಾರ ಒಬ್ಬನಲ್ಲದಿದ್ದರೆ ಮತ್ತೊಬ್ಬನನ್ನು ಕೇಳಬಹುದಾಗಿದ್ದ ಕಾಲ ಮುಗಿಯಿತು. ಕರಾರಿನ ಅವಧಿ ತೀರಿದರೂ ಆಟಗಾರನ ಮೇಲೆ ತಂಡದ ಸ್ವಾಮ್ಯ ತೀರದಂತೆ ಮಾಡುವ ಒಂದು ಷರತ್ತು ಪ್ರತಿಯೊಂದು ಕರಾರಿನಲ್ಲಿಯೂ ಇರುತ್ತಿತ್ತು. ಮುಂದೆ ಹದಿಹರೆಯದ ಹುಡುಗರ ಕೈಯಲ್ಲಿಯೇ ಅಲ್ಪಸ್ವಲ್ಪ ಮುಂಗಡ ಕೊಟ್ಟು ಸಿ ಫಾರಮ್ ಎಂಬ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ಪದ್ಧತಿಯೂ ಬಂದಿತು; ಅಡಿಗೆಮನೆಯ ಮೇಜಿನ ಮೇಲೆ ತಂದೆತಾಯಿಗಳ ಸಮಕ್ಷಮದಲ್ಲಿ ಆ ಕಾಗದಕ್ಕೆ ಸಹಿಮಾಡಿದ ಬಾಲಕ ತನ್ನ ಯೌವನವಿಡೀ ಒಂದು ತಂಡದ ಸೊತ್ತು.

1942ರಿಂದ 1967ರವರೆಗೆ ಈ ಅಗ್ರ ಲೀಗಿನಲ್ಲಿ ಇದ್ದುದು ಆರೇ ತಂಡಗಳು. ತಂಡಕ್ಕೆ ಇಪ್ಪತ್ತು ಮಂದಿಯಂತೆ ಲೆಕ್ಕ ಹಾಕಿದರೆ ಇಡೀ ಭೂಖಂಡಕ್ಕೆ ಸುಮಾರು ನೂರಿಪ್ಪತ್ತು ಸ್ಥಾನಗಳು. ಗೋಲ್‌ಕೀಪರನಿಗಾದರೋ, ತಂಡಕ್ಕೆ ಒಬ್ಬನೇ ಸಾಕೆಂಬುದು ಆಗಿನ ರೂಢಿಯಾದುದರಿಂದ, ಲೋಕದಲ್ಲೆಲ್ಲ ಆರು ಸ್ಥಾನಗಳು. ಉಳಿದವರೆಲ್ಲರೂ ಕೆಳ ಲೀಗುಗಳಲ್ಲಿದ್ದರು. 1936ರಲ್ಲಿ ಎರಡು ಲೀಗುಗಳ ಕೂಡುವಿಕೆಯಿಂದ ಹುಟ್ಟಿದ ಅಮೆರಿಕನ್ ಹಾಕಿ ಲೀಗು, ಶಾಂತಸಾಗರದ ಕಡೆಯ ವೆಸ್ಟರ್ನ್ ಲೀಗು, ಇವೆರಡಕ್ಕೂ ಕೆಳಗಿನ ಈಸ್ಟರ್ನ್ ಲೀಗು ಮುಂತಾದುವುಗಳಲ್ಲಿ, ಕ್ಲೀವ್‌ಲ್ಯಾಂಡು, ಹರ್ಷಿ, ಪ್ರಾವಿಡೆನ್ಸು, ಸಿಯಾಟಲು, ಜಾನ್ಸ್‌ಟೌನು ಮೊದಲಾದ ಊರುಗಳ ನಡುವೆ ಅವರು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಪ್ರಯಾಣಮಾಡಿ, ಹಗಲು ನಿದ್ರಿಸಿ, ಸಂಜೆ ಆಡಿ, ಮತ್ತೆ ಬಸ್ಸು ಹತ್ತುತ್ತಿದ್ದರು. ದೀಪಾವಳಿಯ ಅನಂತರ ಗೆಜ್ಜೆ ಕಟ್ಟಿ ಹೊರಟು ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿ ಮಳೆಗಾಲದ ಗದ್ದೆಗೆ ಇಳಿಯುವ ಕರಾವಳಿಯ ಯಕ್ಷಗಾನ ಕಲಾವಿದರ ತಿರುಗಾಟವನ್ನು ಬಲ್ಲ ನಮಗೆ ಈ ಜೀವನಕ್ರಮ ತೀರ ಅಪರಿಚಿತವೇನೂ ಅಲ್ಲ: ಇವರ ತಿರುಗಾಟ ಅಕ್ಟೋಬರಿನಿಂದ ವಸಂತದವರೆಗೆ, ಬೇಸಗೆಯಲ್ಲಿ ಹೊಲವೋ, ಗಣಿಯೋ, ಬಿಯರು ಸಾಗಿಸುವ ಲಾರಿಯೋ ಅವರ ಹೊಟ್ಟೆ ಹೊರೆಯುತ್ತಿತ್ತು. ಮೇಳದ ಯಜಮಾನನನ್ನು ವರ್ಷಕ್ಕೊಮ್ಮೆ ಬಿಟ್ಟು ಮತ್ತೊಂದು ಮೇಳ ಸೇರುವ ಸ್ವಾತಂತ್ರ್ಯ ನಮ್ಮ ವೇಷಧಾರಿಗಾದರೂ ಉಂಟು; ಇವರಿಗೆ ಅದೂ ಇರಲಿಲ್ಲ.

ಇವರು ಅಸಮರ್ಥರಾದುದರಿಂದ ಕೆಳಗೆ ಉಳಿದರೆಂದು ಭಾವಿಸುವುದು ಸುಲಭ, ಮತ್ತು ತಪ್ಪು. ಸಸ್ಕ್ಯಾಚವಾನಿನ ಜಾನಿ ಬವರ್ 1945ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಗೋಲ್‌ಕೀಪರನಾಗಿ ಆರಂಭಿಸಿ, 1953ರಲ್ಲಿ ನ್ಯೂಯಾರ್ಕಿನ ಅಗ್ರ ತಂಡಕ್ಕೆ ಒಂದು ಇಡೀ ಋತು, ಎಪ್ಪತ್ತು ಪಂದ್ಯಗಳನ್ನೂ ಆಡಿ, ಮರುವರ್ಷವೇ ಮತ್ತೆ ಕೆಳಕ್ಕೆ ಇಳಿಯಬೇಕಾಯಿತು. 1958ರಲ್ಲಿ ಟೊರಾಂಟೋದವರು ಕರೆದಾಗ ಆತನಿಗೆ ಮೂವತ್ತಮೂರು ದಾಟಿತ್ತು; ಕ್ಲೀವ್‌ಲ್ಯಾಂಡಿನಲ್ಲಿ ನೆಮ್ಮದಿಯಾಗಿದ್ದೇನೆ, ಬರಲೊಲ್ಲೆ ಎಂದು ಮೊದಲು ಹಟ ಹಿಡಿದವನು ಅಲ್ಲಿ ನಾಲ್ಕು ಸಲ ಸ್ಟ್ಯಾನ್ಲಿ ಕಪ್ಪು ಗೆದ್ದ ತಂಡದಲ್ಲಿದ್ದು ನಲವತ್ತೈದರ ಹತ್ತಿರದವರೆಗೆ ಆಡಿದನು. ವಿಲ್ಲಿ ಮಾರ್ಷಲ್ ಎಂಬವನಿಗೆ ಆ ಭಾಗ್ಯವೂ ಇಲ್ಲ. ಇಪ್ಪತ್ತು ಚಳಿಗಾಲ ಅಮೆರಿಕನ್ ಲೀಗಿನಲ್ಲಿ ಆಡಿ, 523 ಗೋಲು ಹೊಡೆದು, ಗೋಲುಗಳೂ ಗೋಲಿಗೆ ಒದಗಿಸಿಕೊಟ್ಟ ನೆರವುಗಳೂ ಸೇರಿ 1,375 ಅಂಕಗಳ ದಾಖಲೆಯನ್ನು ಸ್ಥಾಪಿಸಿದ ಈತ ಅಗ್ರ ಲೀಗಿನಲ್ಲಿ ಆಡಿದುದು 33 ಪಂದ್ಯ. ಸಿಯಾಟಲಿನ ಗೈಲ್ ಫೀಲ್ಡರ್ ಇನ್ನೂ ವಿಚಿತ್ರ: ಕೆಳ ಲೀಗುಗಳಲ್ಲಿ ಎರಡು ಸಾವಿರಕ್ಕೆ ಸಮೀಪದ ಅಂಕಗಳನ್ನು ಕೂಡಿಸಿದವನು ಅಗ್ರ ಲೀಗಿನ ನಿಯತ ಪಂದ್ಯಾವಳಿಯಲ್ಲಿ ಒಂಬತ್ತೇ ಪಂದ್ಯಗಳನ್ನು ಆಡಿ ಒಂದು ಅಂಕವನ್ನೂ ಪಡೆಯಲಿಲ್ಲ. 1958ರ ಜನವರಿ 18ರಂದು ಬಾಸ್ಟನ್ ತಂಡಕ್ಕೆ ಆಡಿ ಅಗ್ರ ಲೀಗಿನ ಮೊದಲ ಕರಿಯ ಆಟಗಾರನೆನಿಸಿದ ವಿಲ್ಲಿ ಓರೀ, ಬಲಗಣ್ಣಿನ ದೃಷ್ಟಿ ಹೋಗಿರುವುದನ್ನು ಯಾರಿಗೂ ತಿಳಿಸದೆ ಅಲ್ಲಿ 45 ಪಂದ್ಯಗಳನ್ನು ಆಡಿದನು. ಆತನ ನಿಜವಾದ ಆಯುಷ್ಯ ಕಳೆದುದು ಲಾಸ್ ಏಂಜಲಿಸ್ ಮತ್ತು ಸ್ಯಾನ್ ಡಿಯೇಗೊಗಳ ಕೆಳ ತಂಡಗಳಲ್ಲಿ.

ಧಣಿಯ ಅಧಿಕಾರ ಯಾವ ಎಲ್ಲೆಯವರೆಗೆ ಹೋಗಬಹುದೆಂಬುದಕ್ಕೆ ಮಸಾಚುಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ತಂಡ ನಿದರ್ಶನವಾಗಿತ್ತು. ತನ್ನ ಕಾಲದ ಅತ್ಯುಗ್ರ ರಕ್ಷಕ ಆಟಗಾರನಾಗಿದ್ದ ಎಡ್ಡಿ ಶೋರ್ 1939ರಲ್ಲಿ ಅದನ್ನು ಕೊಂಡು, ಆಟಗಾರರಿಂದ ಪ್ರೇಕ್ಷಕರಿಗಾಗಿ ಜೋಳದ ಅರಳು ಹುರಿಸಿ, ಬೆಲೂನು ಊದಿಸಿ, ರಿಂಕಿನ ದೀಪಗಳನ್ನು ಬದಲಾಯಿಸಿ, ಅವರಿಗೆ ತಾನೇ ಕೈಯಾರೆ ಮೂಳೆ ತಿರುಚುವ ಚಿಕಿತ್ಸೆಯನ್ನೂ ಮಾಡುತ್ತಿದ್ದನು. ಸ್ಪ್ರಿಂಗ್‌ಫೀಲ್ಡಿಗೆ ಕಳುಹಿಸುತ್ತೇವೆ ಎಂಬ ಒಂದು ಬೆದರಿಕೆ ಇತರ ಊರುಗಳ ಆಟಗಾರರನ್ನು ದಾರಿಗೆ ತರಲು ಸಾಕಾಗಿತ್ತಂತೆ. 1966ರ ಡಿಸೆಂಬರಿನಲ್ಲಿ, ಉತ್ಸಾಹದಿಂದ ಆಡಲಿಲ್ಲವೆಂಬ ಕಾರಣಕ್ಕೆ ಮೂವರನ್ನು ಆತ ಅಮಾನತುಮಾಡಿದಾಗ ತಂಡಕ್ಕೆ ತಂಡವೇ ಆಡಲು ನಿರಾಕರಿಸಿತು; ಅವರ ಪರವಾಗಿ ಅಲನ್ ಈಗಲ್ಸನ್ ಎಂಬ ತರುಣ ವಕೀಲ ನಿಂತನು; ಶೋರನು ತಂಡದ ಆಡಳಿತವನ್ನು ಬಿಟ್ಟುಕೊಡಬೇಕಾಯಿತು. ಆ ಗೆಲುವಿನ ಬಲದಿಂದಲೇ ಮರುವರ್ಷ ಅಗ್ರ ಲೀಗಿನ ಆಟಗಾರರ ಸಂಘವೂ ಸ್ಥಾಪಿತವಾಗಿ ಈಗಲ್ಸನನೇ ಅದರ ಮುಖ್ಯಸ್ಥನಾದನು. ಅದೇ ಸಂಘದ ಆಟಗಾರರಿಗೆ ಮೋಸಮಾಡಿದನೆಂದು 1998ರಲ್ಲಿ ಆತ ತಪ್ಪೊಪ್ಪಿಕೊಂಡು ಸೆರೆಮನೆಗೆ ಹೋದುದು ಬೇರೆಯ ಮಾತು. ಕಾಗದವನ್ನು ಓದಬಲ್ಲವನು ಓದಲಾರದವರಿಗೆ ಎಷ್ಟು ಉಪಕಾರಮಾಡಬಲ್ಲನೋ ಅಷ್ಟೇ ಅಪಕಾರವನ್ನೂ ಮಾಡಬಲ್ಲನು.

ಅತ್ತ ಕಡಲಾಚೆಯ ದಾರಿಯೂ ಬಹು ಹಿಂದೆಯೇ ತೆರೆದಿತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆನಡದ ಗೋಧಿನಾಡು ಧೂಳೆದ್ದು ಹೋಗುತ್ತಿದ್ದಾಗ, ಲಂಡನ್ನಿನಲ್ಲಿ ಹಾಕಿಗೆ ವಿಲಕ್ಷಣವಾದ ಒಂದು ಮೋಹ ಹುಟ್ಟಿತು. 1934ರಲ್ಲಿ ವೆಂಬ್ಲಿಯಲ್ಲಿ ಈಜುಕೊಳವೆಂದು ಕಟ್ಟಿದ ಎಂಪೈರ್ ಪೂಲ್ ಭವನದ ನೀರು ಚಳಿಗಾಲದಲ್ಲಿ ಮಂಜುಗಡ್ಡೆಯಾಗಿ, ಅದರ ಸುತ್ತ ಸಾವಿರಾರು ಜನ ನೆರೆಯುತ್ತಿದ್ದರು. ಸ್ಟ್ರೆಟಮ್, ಹ್ಯಾರಿಂಗೇ, ಅರ್ಲ್ಸ್ ಕೋರ್ಟ್, ಬ್ರೈಟನ್ ತಂಡಗಳಿಗೆಲ್ಲ ಕೆನಡದ ಹುಡುಗರು ಬೇಕಾಗಿದ್ದರು. ಹೆಸರಿಗೆ ಇವರು ಅವೃತ್ತಿಪರರು. ವಾರವಾರಕ್ಕೆ ಕೈಸೇರುತ್ತಿದ್ದ ಹಣಕ್ಕೆ ಖರ್ಚಿನ ಭತ್ಯವೆಂದು ಹೆಸರು. ಕೆನಡದ ಅವೃತ್ತಿಪರ ಸಂಘದವರು ತಮ್ಮ ಅನುಮತಿಪತ್ರವಿಲ್ಲದೆ ಹೊರಟುಹೋದವರನ್ನು ನಿಷೇಧಿಸುತ್ತಲೇ ಇದ್ದರು, ಹುಡುಗರು ಹಡಗು ಹತ್ತುತ್ತಲೇ ಇದ್ದರು.

ಈ ಜಗಳ ಶಿಖರಕ್ಕೇರಿದುದು 1936ರ ಚಳಿಗಾಲದ ಒಲಿಂಪಿಕ್ಸಿನಲ್ಲಿ, ಹಿಟ್ಲರನ ಜರ್ಮನಿಯ ಗಾರ್ಮಿಶ್-ಪಾರ್ಟನ್‌ಕಿರ್ಷನ್ನಿನಲ್ಲಿ. ಬ್ರಿಟಿಷ್ ತಂಡದ ವ್ಯವಸ್ಥಾಪಕನಾದ ಬನ್ನಿ ಅಹರ್ನ್ ಹುಟ್ಟಿನಿಂದ ಐರಿಷಿನವನು, ವೃತ್ತಿಯಿಂದ ಪ್ರವಾಸದ ಏಜೆಂಟು. ಜನ್ಮಪತ್ರಗಳ ಬೆಲೆಯನ್ನು ಆತನಷ್ಟು ಚೆನ್ನಾಗಿ ತಿಳಿದವರು ಮತ್ತೊಬ್ಬರಿರಲಿಲ್ಲ. ಬ್ರಿಟನ್ನಿನಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳೊಡನೆ ಕೆನಡಕ್ಕೆ ವಲಸೆಹೋಗಿ, ಅಲ್ಲಿ ಆಟ ಕಲಿತವರನ್ನು ಆತ ಹುಡುಕಿ ತೆಗೆದನು. ಗ್ಲಾಸ್ಗೋದಲ್ಲಿ ಹುಟ್ಟಿ ವಿನಿಪೆಗ್ಗಿನಲ್ಲಿ ಬೆಳೆದ ಗೋಲ್‌ಕೀಪರ್ ಜಿಮ್ಮಿ ಫಾಸ್ಟರ್, ಲಂಡನ್ನಿನಲ್ಲಿ ಹುಟ್ಟಿ ಅದೇ ವಿನಿಪೆಗ್ಗಿನಲ್ಲಿ ಬೆಳೆದ ಅಲೆಕ್ಸ್ ಆರ್ಚರ್, ಕೆಂಟಿನಲ್ಲಿ ಹುಟ್ಟಿ ನಯಾಗರ ಜಲಪಾತದ ಊರಿನಲ್ಲಿ ಬೆಳೆದ ಎಡ್ಗರ್ ಬ್ರೆಂಚ್ಲಿ ಇವರೆಲ್ಲ ಹೀಗೆ ಬಂದವರು. ಫಾಸ್ಟರನೂ ಆರ್ಚರನೂ ಅನುಮತಿಯಿಲ್ಲದೆ ಬಂದವರೆಂದು ಕೆನಡದವರು ಆಕ್ಷೇಪಿಸಿ ನಿಷೇಧವನ್ನು ಎತ್ತಿಹಿಡಿಸಿದರು. ಹಾಗಾದರೆ ನಾವು ಆಡುವುದೇ ಇಲ್ಲವೆಂದು ಬ್ರಿಟಿಷರು ಬೆದರಿಸಿದರು. ಕಟ್ಟಕಡೆಗೆ ಆ ಪಂದ್ಯಾವಳಿಯ ಮಟ್ಟಿಗೆ ಕೆನಡ ಔದಾರ್ಯ ತೋರಿತು. ಅದರ ಫಲವನ್ನು ಕೆನಡವೇ ಉಂಡಿತು. 1920ರಿಂದ ನಡೆದ ನಾಲ್ಕು ಒಲಿಂಪಿಕ್ಸುಗಳಲ್ಲಿಯೂ ಚಿನ್ನವನ್ನು ಬಿಟ್ಟುಕೊಡದಿದ್ದ ದೇಶವನ್ನು ಬ್ರಿಟನ್ 2–1ರಿಂದ ಸೋಲಿಸಿತು. ಆಟದ ಕೊನೆಯ ಘಟ್ಟದಲ್ಲಿ ನಿರ್ಣಾಯಕವಾದ ಗೋಲು ಹೊಡೆದವನು ಬ್ರೆಂಚ್ಲಿ, ಗೋಲು ಕಾಯ್ದವನು ಫಾಸ್ಟರ್. ಬ್ರಿಟನ್ನಿಗೆ ಒಲಿಂಪಿಕ್ಸಿನ ಹಾಕಿಯಲ್ಲಿ ಆ ಚಿನ್ನದ ಹಿಂದೆಯೂ ಚಿನ್ನವಿಲ್ಲ, ಮುಂದೆಯೂ ಇಲ್ಲ.

ಯುದ್ಧಾನಂತರ ಬ್ರಿಟನ್ನಿನ ಲೀಗು ಕೆಲಕಾಲ ಉಚ್ಛ್ರಾಯದಲ್ಲಿದ್ದು 1960ರಲ್ಲಿ ನಿಂತುಹೋಯಿತು. 1967ರ ಬಳಿಕ ಅಗ್ರ ಲೀಗಿನ ತಂಡಗಳು ಹೆಚ್ಚಿದುವು. 1972ರಲ್ಲಿ ಪ್ರತಿಸ್ಪರ್ಧಿಯಾಗಿ ಹುಟ್ಟಿದ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಲೀಗು ಅಗ್ರ ಲೀಗಿನ ಪ್ರಖ್ಯಾತ ಆಟಗಾರನಾದ ಬಾಬಿ ಹಲ್ಲನಿಗೆ ಹತ್ತು ಲಕ್ಷ ಡಾಲರಿನ ಮುಂಗಡ ಕೊಟ್ಟು ಹಳೆಯ ಷರತ್ತಿನ ಬೆನ್ನೆಲುಬನ್ನು ಮುರಿಯಿತು. ಸ್ವೀಡನ್ನಿನಿಂದ ಸಾಲ್ಮಿಂಗ್, ಹೆಡ್‌ಬರ್ಗ್, ನಿಲ್ಸನ್ ಮೊದಲಾದವರು ಎದುರು ದಿಕ್ಕಿನಿಂದ ಕಡಲು ದಾಟಿ ಬಂದರು. ಆ ಏಳು ವರ್ಷಗಳ ಗದ್ದಲವನ್ನು ಬಣ್ಣಿಸಿದ ಗ್ರಂಥಗಳು ಬೇಕಾದಷ್ಟಿವೆ. ನನ್ನ ಕುತೂಹಲ ಇರುವುದು ಆ ಲೀಗು 1979ರಲ್ಲಿ ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡವರು ಎಲ್ಲಿಗೆ ಹೋದರು ಎಂಬುದರಲ್ಲಿ.

ಅವರಲ್ಲಿ ಕೆಲವರು ಇಟಲಿಗೆ ಹೋದರು, ಮತ್ತು ಹೋದುದು ಅಜ್ಜನ ಹೆಸರನ್ನು ಹಿಡಿದುಕೊಂಡು. ಹಸಿದು ಹಳ್ಳಿ ಬಿಟ್ಟು ಟೊರಾಂಟೋ, ಮಾಂಟ್ರಿಯಾಲುಗಳಿಗೆ ಬಂದ ಇಟಲಿಯ ಗಾರೆಯವರ, ರೈಲುದಾರಿಯ ಕೂಲಿಗಳ ಮಕ್ಕಳೂ ಮೊಮ್ಮಕ್ಕಳೂ ಹಾಕಿ ಕಲಿತು, ಆ ವಿದ್ಯೆಯ ಬಲದಿಂದ ಹಿರಿಯರು ಬಿಟ್ಟುಬಂದ ದೇಶದ ಪೌರತ್ವವನ್ನು ಮತ್ತೆ ಪಡೆದರು. ಮಾಂಟ್ರಿಯಾಲಿನಲ್ಲಿ ಹುಟ್ಟಿ, ಕ್ವಿಬೆಕ್ ತಂಡದಲ್ಲಿಯೂ ಎಡ್ಮಂಟನ್ನಿನಲ್ಲಿಯೂ ಗೋಲು ಕಾಯ್ದು, ಬಳಿಕ ಇಟಲಿಗೆ ಹೋದ ಜಿಮ್ ಕೋರ್ಸಿ ಅಂಥವನು. 1982ರಲ್ಲಿ ಫಿನ್ಲೆಂಡಿನಲ್ಲಿ ನಡೆದ ವಿಶ್ವಚಾಂಪಿಯನ್‌ಷಿಪ್ಪಿನಲ್ಲಿ ಇಂಥವರಿಂದ ತುಂಬಿದ ಇಟಲಿಯ ತಂಡ, ಆ ಕಾಲದ ಶ್ರೇಷ್ಠ ಆಟಗಾರನಾದ ವೇನ್ ಗ್ರೆಟ್ಸ್ಕಿ ಇದ್ದ ಕೆನಡದೊಡನೆ 3–3ರ ಸಮಬಲ ಸಾಧಿಸಿತು. ಪತ್ರಿಕೆಗಳು ಅದನ್ನು ಅದ್ಭುತವೆಂದು ವರ್ಣಿಸಿದುವು. ವಾಸ್ತವವಾಗಿ ನೋಡಿದರೆ ಅದು ಕೆನಡದ ಎರಡು ತಲೆಮಾರುಗಳ ವಲಸೆಯ ಲೆಕ್ಕ ಮಂಜಿನ ಮೇಲೆ ಸರಿತೂಗಿದುದಷ್ಟೆ.

ಭಾರತೀಯ ಮೂಲದ ಆಟಗಾರನಿಗೆ ಅಂಥ ದಾರಿ ಇರಲಿಲ್ಲ. ಅಜ್ಜನ ಊರಾದ ಪಂಜಾಬಿನಲ್ಲಿ ಮಂಜಿನ ರಿಂಕೆಲ್ಲಿ? ವ್ಯಾಂಕೂವರ್ ದ್ವೀಪದ ಡಂಕನ್ ಎಂಬ ಮರದ ವ್ಯಾಪಾರದ ಊರಿನಲ್ಲಿ ಸಿಖ್ ಮನೆತನದಲ್ಲಿ ಹುಟ್ಟಿದ ರಾಬಿನ್ ಬಾವಾ 1989ರಲ್ಲಿ ವಾಷಿಂಗ್ಟನ್ ತಂಡಕ್ಕೆ ಆಡಿ, ಅಗ್ರ ಲೀಗನ್ನು ಮುಟ್ಟಿದ ಮೊದಲ ಭಾರತೀಯ ಮೂಲದವನಾದನು. ಅಲ್ಲಿ ಆತ ಆಡಿದುದು ನಾಲ್ಕು ತಂಡಗಳ ಪರವಾಗಿ 61 ಪಂದ್ಯ; ಆ ನಾಲ್ಕರಲ್ಲಿ ವ್ಯಾಂಕೂವರೂ ಒಂದು. ಮಿಕ್ಕುದೆಲ್ಲ ಕೆಳ ಲೀಗಿನ ತಿರುಗಾಟ; ಪ್ರೇಕ್ಷಕರ ಜನಾಂಗೀಯ ನಿಂದೆಯನ್ನು ಕೇಳಿಕೊಂಡು, ಎದುರಾಳಿಗಳೊಡನೆ ಮುಷ್ಟಿಯುದ್ಧ ಮಾಡಿಕೊಂಡು, ಇಂಡಿಯಾನದ ಫೋರ್ಟ್ ವೇನ್ ಎಂಬ ಊರಿನವರೆಗೂ ಸಾಗಿ, ಕೊನೆಗೆ ತಲೆಗಾದ ಪೆಟ್ಟಿನಿಂದ ಆತನ ಆಟ ನಿಂತಿತು. ಕೊಮಾಗಾಟ ಮಾರುವನ್ನು ಹಿಂದಕ್ಕೆ ಕಳುಹಿಸಿದ ಬಂದರಿನ ಊರಿಗಾಗಿ ಸಿಖ್ಖನೊಬ್ಬ ಆ ಆಟವನ್ನು ಆಡಲು ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

1990ರ ದಶಕದಲ್ಲಿ ಗಡಿಗಳು ಎಲ್ಲ ಕಡೆಯೂ ಸಡಿಲವಾದುವು. ಸೋವಿಯತ್ ಆಟಗಾರರು ಪಶ್ಚಿಮಕ್ಕೆ ಬರತೊಡಗಿದ ಕಾಲದಲ್ಲಿಯೇ, 1990ರಲ್ಲಿ, ಹಾರ್ವರ್ಡಿನಲ್ಲಿ ಓದಿದ ಟಾಡ್ ಹಾರ್ಟ್ಯೆ ಎಂಬ ಅಮೆರಿಕದ ಯುವಕ ವಿರುದ್ಧ ದಿಕ್ಕಿನಲ್ಲಿ ಹೊರಟು ಕೀವ್ ನಗರದ ಸೋಕೋಲ್ ತಂಡ ಸೇರಿ, ಕುಸಿಯುತ್ತಿದ್ದ ಒಂದು ಸಾಮ್ರಾಜ್ಯದ ಕೊನೆಯ ದಿನಗಳ ಸಾಲುನಿಲ್ಲುವಿಕೆಯನ್ನೂ ಅರೆಬೆಂದ ಊಟವನ್ನೂ ಅನುಭವಿಸಿ ಬಂದನು. 1995ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಫುಟ್ಬಾಲ್ ಆಟಗಾರ ಬೋಸ್ಮನ್ ಹೂಡಿದ ದಾವೆಯಲ್ಲಿ ಯೂರೋಪಿನ ನ್ಯಾಯಾಲಯ, ಕರಾರು ತೀರಿದವನನ್ನು ತಡೆಯುವಂತಿಲ್ಲ, ಒಕ್ಕೂಟದ ಪ್ರಜೆಗಳಿಗೆ ತಂಡದಲ್ಲಿ ಮಿತಿ ಹಾಕುವಂತಿಲ್ಲ ಎಂದು ತೀರ್ಪಿತ್ತಿತು; ಆಗ ಜರ್ಮನಿಯ ಹೊಸ ಲೀಗಿನ ಬಾಗಿಲು, ಯಾವುದಾದರೊಂದು ಯೂರೋಪಿಯನ್ ಪಾಸ್‌ಪೋರ್ಟು ಹುಡುಕಿಕೊಳ್ಳಬಲ್ಲ ಕೆನಡದವನಿಗೆ ಹಾರುಹೊಡೆಯಿತು. 2001ರಲ್ಲಿ, ಐವತ್ತಾರು ವರ್ಷ ನಡೆದ ಅಮೆರಿಕದ ಇಂಟರ್‌ನ್ಯಾಷನಲ್ ಹಾಕಿ ಲೀಗು, ಅತಿಯಾಗಿ ಬೆಳೆದು ವಿಮಾನದ ಖರ್ಚು ಹೊರಲಾರದೆ ಮುಚ್ಚಿಹೋದಾಗ, ಒಳ್ಳೆಯ ಸಂಬಳ ಪಡೆಯುತ್ತಿದ್ದ ಅನುಭವಿಗಳೆಷ್ಟೋ ಮಂದಿ ನಿರುದ್ಯೋಗಿಗಳಾದರು. ಅಮೆರಿಕನ್ ಲೀಗು ಎಳೆಯರ ಶಿಕ್ಷಣಶಾಲೆಯೆಂಬ ಭಾವನೆಯಿಂದ, 260 ವೃತ್ತಿಪರ ಪಂದ್ಯಗಳನ್ನು ಮೀರಿ ಆಡಿದವರ ಸಂಖ್ಯೆಗೆ ಪ್ರತಿ ತಂಡದಲ್ಲಿಯೂ ಮಿತಿಯಿಟ್ಟಿದೆ. 1988ರಲ್ಲಿ ಐದು ತಂಡಗಳಿಂದ ಆರಂಭವಾಗಿ ಅಮೆರಿಕದ ದಕ್ಷಿಣದ ಬಿಸಿಲೂರುಗಳಿಗೆಲ್ಲ ಹಾಕಿಯನ್ನು ಕೊಂಡೊಯ್ದ ಈಸ್ಟ್ ಕೋಸ್ಟ್ ಲೀಗಿನಲ್ಲಿಯೂ ಅಂಥದೇ ನಿಯಮವುಂಟು. ಇದರ ಪರಿಣಾಮವಾಗಿ ಇಪ್ಪತ್ತಾರು ಇಪ್ಪತ್ತೇಳರ ವಯಸ್ಸಿನಲ್ಲಿ, ಕಸಬು ಕೈಗೆ ಹತ್ತಿದ ಹೊತ್ತಿಗೆ ಸರಿಯಾಗಿ, ಆಟಗಾರ ಸ್ವದೇಶಕ್ಕೆ ಹೆಚ್ಚಾದವನಾಗುತ್ತಾನೆ.

ಯೂರೋಪಿನ ತಂಡ ಆತನಿಗೆ ಮನೆಯನ್ನೂ ಕಾರನ್ನೂ ಕೊಡುತ್ತದೆ, ತೆರಿಗೆ ಕಳೆದ ಸಂಬಳವನ್ನು ಕೊಡುತ್ತದೆ. ಪಂದ್ಯಗಳು ಕಡಮೆ, ಪ್ರಯಾಣ ಹಗುರ. ಕಣ ಮಾತ್ರ ಅಗಲ: ಅಮೆರಿಕದ ರಿಂಕಿಗೆ ಸುಮಾರು ಇಪ್ಪತ್ತಾರು ಮೀಟರಾದರೆ ಅಲ್ಲಿ ಬಹುಕಾಲದವರೆಗೆ ಮೂವತ್ತು, ಎದುರಾಳಿಯ ಮೈಮೇಲೆ ಬಿದ್ದು ಬದುಕಿದವನು ಆ ನಾಲ್ಕು ಮೀಟರಿನ ಬಯಲಿನಲ್ಲಿ ದಿಕ್ಕೆಡುತ್ತಾನೆ. ವಿದೇಶೀಯನಿಗೆ ಮೀಸಲಾದ ಬೆರಳೆಣಿಕೆಯ ಸ್ಥಾನಗಳಲ್ಲಿ ಒಂದನ್ನು ಹಿಡಿದಿರುವುದರಿಂದ ಆತ ಗೋಲು ಹೊಡೆಯಲೇಬೇಕು. ಹೊಡೆಯದಿದ್ದರೆ ಕ್ರಿಸ್‌ಮಸ್ಸಿನ ಹೊತ್ತಿಗೆ ಮತ್ತೊಬ್ಬನು ಬಂದಿರುತ್ತಾನೆ. ಆ ಕ್ರಿಸ್‌ಮಸ್ಸಿನ ಮರುದಿನದಿಂದಲೇ ಸ್ವಿಟ್ಸರ್ಲೆಂಡಿನ ದಾವೋಸಿನಲ್ಲಿ, 1923ರಲ್ಲಿ ಅಲ್ಲಿಯ ವೈದ್ಯನೊಬ್ಬನು ಸ್ಥಾಪಿಸಿದ ಸ್ಪೆಂಗ್ಲರ್ ಕಪ್ಪು ನಡೆಯುತ್ತದೆ. 1984ರಿಂದ ಕೆನಡದ ತಂಡವೊಂದು ತಪ್ಪದೆ ಅದರಲ್ಲಿ ಆಡುತ್ತ ಬಂದಿದ್ದು, ಅದರಲ್ಲಿರುವವರು ಬಹುಮಟ್ಟಿಗೆ ಯೂರೋಪಿನ ಊರೂರುಗಳಲ್ಲಿ ಚದರಿಹೋಗಿರುವ ಈ ವೃತ್ತಿಯವರೇ. ಹೆಂಡತಿ ಮಕ್ಕಳೊಡನೆ ಅವರು ಅಲ್ಲಿ ಕಲೆಯುತ್ತಾರೆ.

2004ರಲ್ಲಿ ಸಂಬಳದ ವಿವಾದದಿಂದ ಅಗ್ರ ಲೀಗು ಒಂದು ಇಡೀ ಋತುವನ್ನೇ ಕಳೆದುಕೊಂಡಾಗ ಅಗ್ರರೂ ನೂರಾರು ಸಂಖ್ಯೆಯಲ್ಲಿ ಇದೇ ದಾರಿ ಹಿಡಿದರು. ಜೋ ಥಾರ್ನ್‌ಟನ್ನನೂ ರಿಕ್ ನ್ಯಾಷನೂ ದಾವೋಸಿಗೆ ಸ್ವಿಸ್ ಪ್ರಶಸ್ತಿ ಗೆದ್ದುಕೊಟ್ಟರು. ಅವರು ಬಂದುದರಿಂದ ಅಲ್ಲಿ ಕೆಲಸ ಕಳೆದುಕೊಂಡವರ ಹೆಸರುಗಳನ್ನು ಯಾರೂ ಪಟ್ಟಿಮಾಡಿದಂತಿಲ್ಲ. 2008ರಲ್ಲಿ ರಷ್ಯದ ಹೊಸ ಲೀಗು ತೈಲದ ಹಣದೊಡನೆ ಕಣಕ್ಕಿಳಿದು ಯೂರೋಪಿನ ಉಳಿದ ಲೀಗುಗಳಿಗಿಂತ ಹೆಚ್ಚು ಸಂಬಳ ಕೊಡತೊಡಗಿತು. 2011ರ ಸೆಪ್ಟೆಂಬರ್ 7ರಂದು, ಋತುವಿನ ಮೊದಲ ಪಂದ್ಯಕ್ಕಾಗಿ ಮಿನ್ಸ್ಕಿಗೆ ಹೊರಟಿದ್ದ ಯಾರೋಸ್ಲಾವ್ಲ್ ತಂಡದ ವಿಮಾನ ಏರುವಾಗಲೇ ನೆಲಕ್ಕಪ್ಪಳಿಸಿ 44 ಮಂದಿ ಮಡಿದರು. ಕೆನಡದ ತರಬೇತುದಾರ, ಸ್ಲೊವಾಕಿಯ, ಚೆಕ್ ದೇಶ, ಸ್ವೀಡನ್, ಜರ್ಮನಿ, ಲಾಟ್ವಿಯ, ಬೆಲಾರುಸ್‌ಗಳ ಆಟಗಾರರು ಅವರಲ್ಲಿದ್ದರು. ಶೋಕಾಚರಣೆ ವೋಲ್ಗಾ ತೀರದ ಆ ಒಂದೇ ಊರಿಗೆ ಸೀಮಿತವಾಗಲಿಲ್ಲ.

ದಕ್ಷಿಣ ಕೊರಿಯ 2018ರ ಒಲಿಂಪಿಕ್ಸನ್ನು ವಹಿಸಿಕೊಂಡಾಗ ಅದಕ್ಕೆ ಹಾಕಿಯಲ್ಲಿ ಮಾನ ಉಳಿಸಿಕೊಳ್ಳುವ ಚಿಂತೆ ಹತ್ತಿತು. ತರಬೇತುದಾರನಾಗಿ 2014ರಲ್ಲಿ ಕರೆಸಿಕೊಂಡುದು ಜಿಮ್ ಪೇಕನನ್ನು. ಸಿಯೋಲ್ ನಗರದಲ್ಲಿ ಹುಟ್ಟಿ, ವರ್ಷ ತುಂಬುವ ಹೊತ್ತಿಗೆ ಕೆನಡಕ್ಕೆ ಹೋಗಿ, ಕೆಳ ಲೀಗುಗಳಲ್ಲಿ ವರ್ಷಗಟ್ಟಲೆ ಕಾದು, ಪಿಟ್ಸ್‌ಬರ್ಗಿನೊಡನೆ 1991, 1992ರಲ್ಲಿ ಸ್ಟ್ಯಾನ್ಲಿ ಕಪ್ಪು ಗೆದ್ದು, ಮತ್ತೆ ಕೆಳ ಲೀಗುಗಳಿಗಿಳಿದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿಯೂ ಆಡಿದ್ದ ಆತನಿಗೆ ಈ ವೃತ್ತಿಯ ಯಾವ ಮೆಟ್ಟಿಲೂ ಅಪರಿಚಿತವಾಗಿರಲಿಲ್ಲ. ಏಷ್ಯಾ ಲೀಗಿನಲ್ಲಿ ಆಡಲು ಬಂದಿದ್ದ ಉತ್ತರ ಅಮೆರಿಕದ ಏಳು ಮಂದಿಗೆ ಕೊರಿಯ ವಿಶೇಷ ಶಾಸನದ ಮೂಲಕ ಪೌರತ್ವವನ್ನಿತ್ತಿತು. ಈ ಬಾರಿ ಅಜ್ಜನ ಜನ್ಮಪತ್ರವೂ ಬೇಕಾಗಲಿಲ್ಲ. ಸರ್ಕಾರವೇ ಕಾಗದವನ್ನು ಬರೆದುಕೊಟ್ಟಿತು. ಅವರಲ್ಲಿ ಗೋಲ್‌ಕೀಪರ್ ಮ್ಯಾಟ್ ಡಾಲ್ಟನ್ ಆಂಟೇರಿಯೊದ ಕ್ಲಿಂಟನ್ ಎಂಬ ಊರಿನವನು. ಈಸ್ಟ್ ಕೋಸ್ಟ್ ಲೀಗಿನ ರೆಡಿಂಗ್, ಅಮೆರಿಕನ್ ಲೀಗಿನ ಪ್ರಾವಿಡೆನ್ಸ್, ರಷ್ಯದ ನೀಜ್ನೆಕಾಮ್ಸ್ಕ್, ಇವುಗಳನ್ನು ದಾಟಿ ಸಿಯೋಲ್ ನಗರದ ನೆರೆಯ ಆನ್ಯಾಂಗಿಗೆ ಬಂದಿದ್ದನು.

ಆ ಒಲಿಂಪಿಕ್ಸಿಗೆ ಅಗ್ರ ಲೀಗು ತನ್ನ ಆಟಗಾರರನ್ನು ಕಳುಹಿಸಲಿಲ್ಲ. ಆದುದರಿಂದ ಕೆನಡವೂ ರಷ್ಯ, ಸ್ವಿಟ್ಸರ್ಲೆಂಡು, ಸ್ವೀಡನ್ನುಗಳಲ್ಲಿ ಸಂಬಳಕ್ಕೆ ಆಡುತ್ತಿದ್ದವರನ್ನು ಕೂಡಿಹಾಕಿ ತಂಡ ಕಟ್ಟಬೇಕಾಯಿತು. ನಾಯಕನಾದ ಕ್ರಿಸ್ ಕೆಲಿಯೇ ಆ ಚಳಿಗಾಲದಲ್ಲಿ ಬೆಲ್‌ವಿಲ್ ಎಂಬ ಊರಿನ ಕೆಳ ಲೀಗಿನ ತಂಡದಲ್ಲಿದ್ದವನು. ಆಗ ಅಗ್ರ ಪಂಕ್ತಿಯ ಹೊರಗಿದ್ದವರ ಕೈಗೆ ಆ ದೇಶ, ಬೇರೆ ಗತಿಯಿಲ್ಲದೆ, ತನ್ನ ಅತ್ಯಂತ ಪ್ರಿಯವಾದ ಅಂಗಿಯನ್ನು ಕೊಟ್ಟಿತು. ಫೆಬ್ರವರಿ 18ರಂದು ಗಾಂಗ್ನಂಗಿನಲ್ಲಿ ಕೆನಡವೂ ಕೊರಿಯವೂ ಎದುರುಬದುರಾದಾಗ, ಎರಡು ತಂಡಗಳಲ್ಲಿಯೂ ಪರಸ್ಪರ ಪರಿಚಿತರಾದ, ಒಂದೇ ಬಗೆಯ ಬಸ್ಸುಗಳಲ್ಲಿ ತೂಕಡಿಸಿ ಬಂದ ಮಂದಿಯಿದ್ದರು. ಕೆನಡ 4–0ರಿಂದ ಗೆದ್ದು ಮುಂದೆ ಕಂಚಿನ ಪದಕವನ್ನು ಪಡೆಯಿತು. ಡಾಲ್ಟನ್ ಆನ್ಯಾಂಗಿನಲ್ಲಿಯೇ ತನ್ನ ಕೆಲಸವನ್ನು ಮುಂದುವರಿಸಿದನು.